ರಾಕ್ಷಸಿ ಬಡಿಸಿದ ಮುದ್ದೆ

“ರಾಕ್ಷಸಿ ಬಾಯ್ ಬುಡೋಕ್ ಮುಂಚೇನೆ ಕಡ್ದಾಕ್ಬುಡ್ತೀನಿ ಕಣ್ಲಾ!” ಎನ್ನುತ್ತಾ ಹಂಗಳದ ಗೆಳೆಯ ಮಾದೇಶ ದಾಳ ಕೈಗೆತ್ತಿಕೊಂಡ.

ಗುಂಡ್ಲುಪೇಟೆಯ ನಮ್ಮ ಮನೆಯಲ್ಲಿ ಭಾನುವಾರ ಗೆಳೆಯರೆಲ್ಲ ಸೇರಿ ಆಡುವ ಆಟವಿದು. ನಾನು ಕಥೆ ಹೇಳುತ್ತೇನೆ, ಉಳಿದವರು ಅದರೊಳಗಿನ ವೀರರಾಗುತ್ತಾರೆ, ದಾಳ ಬಿದ್ದಂತೆ ಕಥೆ ಸಾಗುತ್ತದೆ. ಆದರೆ ಮಾದೇಶ ಸಾಗಲು ಬಿಟ್ಟರೆ ತಾನೆ! ದಾರಿ ತೋರಿಸಲು ಬಂದ ಮುದುಕನನ್ನೂ ಅವನು ಕಡಿದು ಹಾಕಿದ್ದ. ಇನ್ನು ಇವನನ್ನು ಕರೆಯುವುದೇ ಬೇಡ ಎಂದು ಜೊತೆಗೆ ಆಡುವ ನಯಾಜ್ ನನಗೆ ಆಗಲೇ ಹೇಳಿಯಾಗಿತ್ತು.

ಟೀ ತಂದ ಅವ್ವ ಆಟ ನೋಡುತ್ತಾ ಅಲ್ಲೇ ನಿಂತಿದ್ದಳು. ನನಗೂ ಸಾಕಾಗಿ, “ಅವ್ವ, ಆ ರಾಕ್ಷಸಿ ನೀನೇ ಆಗು” ಎಂದುಬಿಟ್ಟೆ.

ಅವ್ವ ಒಂದಿಷ್ಟೂ ಯೋಚಿಸದೆ ಮಾದೇಶನ ಕಡೆ ತಿರುಗಿದಳು. “ಬಿಸ್ಲಲ್ಲಿ ಬಂದಿದ್ದೀಯ ಕಣಪ್ಪ. ಮುದ್ದೆ ಬಡ್ಸಿವ್ನಿ, ಮೊದ್ಲು ಉಣ್ಣು. ಆಮೇಲ್ ಕಡೀವಂತೆ.”

ಮಾದೇಶ ಮೆಲ್ಲಗೆ ದಾಳ ಕೆಳಗಿಟ್ಟ. “ಉಣ್ಣು ಅಂದೋರ್ ಮ್ಯಾಲೆ ಕತ್ತಿ ಎತ್ತಕ್ಕಾದದಾ?”

ಅಂದಿನಿಂದ ಅವನು ಯಾರನ್ನೂ ಕಡಿದಿಲ್ಲ. ಎದುರಾದ ರಾಕ್ಷಸರನ್ನೆಲ್ಲ ‘ಉಂಡ್ಯಾ?’ ಎಂದು ವಿಚಾರಿಸಿಕೊಳ್ಳುತ್ತಾ ಕೂರುತ್ತಾನೆ. ಕಥೆ ಈಗಲೂ ಮುಂದಕ್ಕೆ ಹೋಗುತ್ತಿಲ್ಲ. ಆದರೆ ಅವನನ್ನು ಬಿಟ್ಟು ಆಡೋಣ ಎಂಬ ಮಾತನ್ನು ನಯಾಜ್ ಮತ್ತೆ ಎತ್ತಿಲ್ಲ.