ವೆರ್ಲಾ ಬೀಗ ಹಾಕಿದ ದೋಣಿ

ನನ್ನಮ್ಮ ಕೇಳಿದವರಿಗೆಲ್ಲ "ಮಗ ಸರೋವರ ರಕ್ಷಣೆಯಲ್ಲಿದ್ದಾನೆ" ಎನ್ನುತ್ತಾಳೆ. ಕೇಳಿದವರು ನನ್ನನ್ನು ಸಮವಸ್ತ್ರದಲ್ಲಿ, ಸೊಂಟಕ್ಕೆ ಬಂದೂಕು ಸಿಕ್ಕಿಸಿಕೊಂಡವನಂತೆ ಕಲ್ಪಿಸಿಕೊಳ್ಳುತ್ತಾರೆ. ನಾನು ಮಾಡುವುದು ಹೆದ್ದಾರಿ ಬದಿಯ ಡೇರೆಯ ಕೆಳಗೆ ನಿಂತು ಪರರ ದೋಣಿಗಳ ಕೊಳಕು ತೂತುಗಳಿಗೆ ಬೆರಳು ತೂರಿಸುವ ಕೆಲಸ. ಅದೂ ಬೇಸಿಗೆಗೆ ಮಾತ್ರ. ಚಳಿಗಾಲದಲ್ಲಿ ಹಿಮ ಬಾಚುತ್ತೇನೆ. ಅದಕ್ಕೆ ಅಮ್ಮ ಇನ್ನೂ ಹೆಸರು ಹುಡುಕುತ್ತಿದ್ದಾಳೆ.

ತೂತುಗಳಲ್ಲಿ ನಾವು ಹುಡುಕುವುದು ಉಗುರಿಗಿಂತ ಚಿಕ್ಕದಾದ ಒಂದು ಕಪ್ಪೆಚಿಪ್ಪನ್ನು. ದಕ್ಷಿಣದ ಕೆರೆಗಳಿಂದ ದೋಣಿಗೆ ಅಂಟಿಕೊಂಡು ಪುಕ್ಕಟೆ ಸವಾರಿ ಮಾಡುತ್ತದೆ. ನಮ್ಮ ಟಾಮರಾಕ್ ಸರೋವರಕ್ಕೆ ಒಮ್ಮೆ ಇಳಿಯಿತೆಂದರೆ ಮುಗಿಯಿತು; ಊರಿನ ಕುಡಿಯುವ ನೀರಿನ ಕೊಳವೆ ಕಟ್ಟಿಕೊಳ್ಳುತ್ತದೆ, ಮೀನುಗಳ ಮೇವು ಬರಿದಾಗುತ್ತದೆ, ದಡದಲ್ಲಿ ಬರಿಗಾಲಿಟ್ಟರೆ ಪಾದ ಕೊಯ್ಯುತ್ತದೆ. ಆಮೇಲೆ ಅದನ್ನು ತೆಗೆಯುವ ಉಪಾಯ ಯಾರಿಗೂ ಗೊತ್ತಿಲ್ಲ. ತಡೆಯಲು ಬೇಕಾದ ಬಿಸಿನೀರಿನ ಯಂತ್ರ, ಡೇರೆ, ನನ್ನ ಸಂಬಳ ಎಲ್ಲವೂ ಬರುವುದು ದೋಣಿ ಪರವಾನಗಿಯ ಶುಲ್ಕದಿಂದ. ನಮ್ಮ ಐಡಾಹೊ ರಾಜ್ಯದ ನೀರಿಗೆ ದೋಣಿ ಇಳಿಸುವವರು ವರ್ಷಕ್ಕೊಮ್ಮೆ ಸ್ಟಿಕ್ಕರ್ ಕೊಂಡು ಅಂಟಿಸಿಕೊಳ್ಳಬೇಕು. ಹೀಗಾಗಿ ಯಾರಾದರೂ ಸ್ಟಿಕ್ಕರನ್ನು ಬೈದರೆ ನನಗೆ ನನ್ನ ಮಧ್ಯಾಹ್ನದ ಊಟವನ್ನೇ ಬೈದಂತೆ ಕೇಳಿಸುತ್ತದೆ. ದಿನಾ ಬೈಯುತ್ತಾರೆ.

ಬೈಗುಳಕ್ಕೆ ಉತ್ತರ ಕೊಡುವವಳು ನಮ್ಮ ತಪಾಸಣಾ ತಾಣದ ಮುಖ್ಯಸ್ಥೆ ವೆರ್ಲಾ ಟ್ವೇಟ್. ಅರವತ್ತು ದಾಟಿದವಳು. ನಿವೃತ್ತಳಾಗುವವರೆಗೂ ಸರೋವರದ ಸುತ್ತಿನ ರಸ್ತೆಯಲ್ಲಿ ಶಾಲೆಯ ಬಸ್ಸು ಓಡಿಸಿದವಳು. ಬಸ್ಸು ಬಿಟ್ಟರೂ ಬಸ್ಸಿನ ಗಂಟಲು ಬಿಟ್ಟಿಲ್ಲ. ಸಿಯಾಟಲ್‌ನಿಂದ ಮನೆಯಷ್ಟು ದೊಡ್ಡ ದೋಣಿ ಎಳೆದುಕೊಂಡು ಬರುವ ಸಾಹುಕಾರರಿಗೂ "ಇಳೀರಿ. ಕೈ ಜೇಬಿಂದ ತೆಗೀರಿ. ಮೂಟೆ ತರ ಒರಗಬೇಡಿ" ಎನ್ನುತ್ತಾಳೆ. ಅವರು ತೆಗೆಯುತ್ತಾರೆ. ಊರಿನ ಗಂಡಸರಲ್ಲಿ ಅರ್ಧ ಜನ ಅವಳ ಬಸ್ಸಿನಲ್ಲೇ ಬೆಳೆದವರು. ಅವರ ಗತಿ ಇನ್ನೂ ಕಷ್ಟ.

"ಬಾತುಕೋಳಿನೂ ಒಂದು ಕೆರೆಯಿಂದ ಇನ್ನೊಂದಕ್ಕೆ ಹಾರುತ್ತಲ್ಲ ವೆರ್ಲಾ, ಅದಕ್ಕೂ ಸ್ಟಿಕ್ಕರ್ ಅಂಟಿಸ್ತೀರಾ?" ಎಂದು ಒಮ್ಮೆ ಒಬ್ಬ ಟ್ರಕ್ಕಿನ ಕಿಟಕಿಯಿಂದ ಕೆಣಕಿದ.

"ಟ್ರೇಲರ್ ಮೇಲೆ ಕೂತ್ಕೊಂಡು ಬಂದ್ರೆ ಅಂಟಿಸ್ತೀನಿ. ನೀನು ಮೂರನೇ ಕ್ಲಾಸಲ್ಲಿ ನನ್ನ ಬಸ್ಸಲ್ಲಿ ವಾಂತಿ ಮಾಡ್ಕೊಂಡಾಗ ಒರೆಸಿದ್ದು ಯಾರು? ಶುಲ್ಕ ಕೇಳಿದ್ನಾ? ಇಳಿ ಕೆಳಗೆ."

ಪಕ್ಕದ ಸೀಟಿನಲ್ಲಿದ್ದ ಅವನ ಹೆಂಡತಿ ಸರೋವರ ತಲುಪುವವರೆಗೂ ನಕ್ಕಿರಬೇಕು.

ಇಷ್ಟೊಂದು ದೋಣಿಗಳ ಹೊಟ್ಟೆ ತಡವುವ ವೆರ್ಲಾಗೆ ಸ್ವಂತ ದೋಣಿ ಇರಲಿಲ್ಲ. ಒಂದು ಮಧ್ಯಾಹ್ನ, ಅವಳು ಕೊಟ್ಟ ಆಲೂಗಡ್ಡೆ ರೊಟ್ಟಿಯನ್ನು ಹಕಲ್‌ಬೆರಿ ಜಾಮಿನ ಜೊತೆ ಬಾಯಿಗೆ ತುರುಕಿಕೊಳ್ಳುತ್ತ ಯಾಕೆಂದು ಕೇಳಿದೆ.

"ಇತ್ತು ಮರಿ. ನಮ್ಮಪ್ಪ ಕಟ್ಟಿದ್ದು. ದೇವದಾರಿನ ಹಲಗೆ. ಸಂದಿಗೆ ಹತ್ತಿ ತುಂಬಿದ್ದು ಈ ಬೆರಳುಗಳೇ. ಅಪ್ಪನ್ನ ಮಣ್ಣು ಮಾಡಿದ ಮಾರನೇ ದಿನ ನಮ್ಮಣ್ಣ ಆರ್ವಲ್ ಅದನ್ನ ಟ್ರಕ್ಕಿಗೆ ಕಟ್ಕೊಂಡು ದಕ್ಷಿಣದ ಅರಿಜೋನಾಕ್ಕೆ ಹೊರಟೋದ. ನನ್ನ ಒಂದು ಮಾತು ಕೇಳ್ಲಿಲ್ಲ."

"ನೀವು ಜಗಳ ಆಡ್ಲಿಲ್ವಾ?"

"ನಾವು ನಾರ್ವೆಯೋರ ವಂಶ. ಜಗಳ ಆಡಲ್ಲ. ಸುಮ್ನಿರ್ತೀವಿ."

ಆ ಆರ್ವಲ್ ಜೂನ್ ಕೊನೆಯಲ್ಲಿ ಒಂದು ಬೆಳಿಗ್ಗೆ, ಅದೇ ದೋಣಿಯನ್ನು ಎಳೆದುಕೊಂಡು ನಮ್ಮ ಡೇರೆಯ ಮುಂದೆ ಬಂದು ನಿಂತ. ನಾನು ದೋಣಿಯನ್ನು ಪರೀಕ್ಷಿಸುವ ಬದಲು ಬಾಯಿ ಬಿಟ್ಟುಕೊಂಡು ನೋಡಿದೆ. ಜೇನಿನ ಬಣ್ಣದ ಹಲಗೆಗಳು, ಹಿಂದೆ ಗೊಂಬೆಯಂಥ ಹಳೆಯ ಮೋಟಾರು.

"ಏಯ್ ಹುಡ್ಗ, ನೊಣ ಹೋದೀತು, ಬಾಯಿ ಮುಚ್ಚು. ವೆರ್ಲಾನ ಕರಿ. ಅವಳ ಅಣ್ಣ ನಾನು."

ವೆರ್ಲಾ ಬಂದಳು. ಮೊದಲು ದೋಣಿಯ ಮೂತಿಯ ಮೇಲೆ ಕೈಯಿಟ್ಟಳು. ಆಮೇಲೆ ಅಣ್ಣನ ಕಡೆ ನೋಡಿದಳು.

"ದಪ್ಪ ಆಗಿದೀಯ."

"ನೀನು ಮುದುಕಿ ಆಗಿದೀಯ."

ಅಷ್ಟಕ್ಕೆ ಅವರ ಅಪ್ಪುಗೆ, ಕಣ್ಣೀರು ಎಲ್ಲ ಮುಗಿದಂತೆ ಕಂಡಿತು.

ಆರ್ವಲ್ ಹೆಮ್ಮೆಯಿಂದ ಹೊದಿಕೆ ಸರಿಸಿದ. ದೋಣಿಯ ಒಳಗೆ ತಳದಲ್ಲೆಲ್ಲ ಒದ್ದೆ ಗೋಣಿಚೀಲಗಳನ್ನು ಹಾಸಿದ್ದ. "ಮರುಭೂಮಿ ದಾಟಿ ಬಂದಿದೀನಿ ಕಣೇ. ಒಂದೇ ಒಂದು ಹಲಗೆ ಬಾಯಿ ಬಿಟ್ಟಿಲ್ಲ, ನೋಡು. ಪ್ರತಿ ಪೆಟ್ರೋಲ್ ಬಂಕಲ್ಲೂ ನೀರು ಹೊಯ್ದಿದೀನಿ. ಬೇಸಿಗೆ ಪೂರ್ತಿ ಇಲ್ಲೇ ಇರ್ತೀನಿ. ಅಪ್ಪ ಕೂರಿಸ್ತಿದ್ದ ಹಾಗೆ ನಿನ್ನ ಮುಂದೆ ಕೂರಿಸ್ಕೊಂಡು ಸುತ್ತಿಸ್ತೀನಿ."

ಹಲಗೆಯ ದೋಣಿ ನೀರು ಕುಡಿದು ಉಬ್ಬಿದರೆ ಮಾತ್ರ ಸಂದು ಬಿಗಿಯಾಗಿರುತ್ತದೆ. ಒಣಗಿತೋ, ಕುಗ್ಗಿ ಸಂದು ಬಿಡುತ್ತದೆ. ಮರದ ದೋಣಿಯನ್ನು ಪ್ರೀತಿಸುವ ಯಾರೂ ಅದನ್ನು ದಾರಿಯಲ್ಲಿ ಒಣಗಲು ಬಿಡುವುದಿಲ್ಲ. ಆರ್ವಲ್ ಮಾಡಿದ್ದು ಅದನ್ನೇ. ನಾನೂ ಒಂದು ಚೀಲ ತಟ್ಟಿ, "ಆಹಾ, ಎಷ್ಟು ತಂಪು" ಎಂದೆ. ಸರೋವರ ರಕ್ಷಕ!

ವೆರ್ಲಾ ಮಾತ್ರ ನಗಲಿಲ್ಲ. "ಈ ಚೀಲ ಎಲ್ಲಿ ನೆನೆಸಿದ್ದು?"

"ನಮ್ಮ ಮನೆ ಮುಂದಿನ ಕೆರೇಲಿ. ಚೆನ್ನಾಗಿ ನೆನೀಲಿ ಅಂತ ವಸಂತ ಪೂರ್ತಿ ಕಟ್ಟೆಗೆ ಕಟ್ಟಿ ಮುಳುಗಿಸಿದ್ದೆ. ಯಾಕೆ?"

ಅವಳು ಕೈಗವಸು ಕಳಚಿ ಚೀಲವನ್ನು ಸವರಿದಳು. ನಂತರ ನನ್ನ ಕೈ ಹಿಡಿದು ಅದೇ ಜಾಗದಲ್ಲಿ ಉಜ್ಜಿದಳು. ಎರಡು ದಿನ ಕ್ಷೌರ ಮಾಡದ ಗಲ್ಲದ ಹಾಗೆ ಗರಗರ ಎಂದಿತು.

"ಮರಳಾ?" ಎಂದೆ.

"ಮರಳು ಗೋಣಿದಾರಕ್ಕೆ ಕಚ್ಕೊಳ್ಳಲ್ಲ ಮರಿ. ಚಿಪ್ಪಿನ ಮಕ್ಕಳು ಇವು. ಚೀಲದ ತುಂಬ."

ಮುಂದಿನದು ನಿಯಮದಲ್ಲಿದ್ದದ್ದು. ಚೀಲಗಳನ್ನು ಸುಡಬೇಕು. ಮೋಟಾರಿಗೂ ದೋಣಿಗೂ ಬಿಸಿನೀರು ಹೊಡೆಯಬೇಕು. ಮರದ ಸಂದಿಯ ಒಳಗೆಲ್ಲ ಬಿಸಿನೀರು ತಲುಪುವ ಭರವಸೆ ಇಲ್ಲವಾದ್ದರಿಂದ ದೋಣಿಗೆ ಬೀಗ ಹಾಕಿ ಒಂದು ತಿಂಗಳು ಒಣಗಲು ಬಿಡಬೇಕು.

"ಜುಲೈ ಬಿಸಿಲಲ್ಲಿ ಒಂದು ತಿಂಗಳಾ?" ಆರ್ವಲ್‌ನ ಮುಖ ಬೀಟ್‌ರೂಟ್ ಆಯಿತು. "ಹಲಗೆ ಸೀಳಿ ಹೋಗುತ್ತೆ! ಆಮೇಲೆ ಇದು ದೋಣಿ ಅಲ್ಲ, ಸೌದೆ. ನಿಂಗೆ ಗೊತ್ತಿಲ್ವಾ?"

"ಗೊತ್ತು."

"ಗೊತ್ತಿದ್ದೂ?"

"ಗೊತ್ತಿದ್ದೂ. ಟ್ರೇಲರ್ ಕಳಚು."

ಬಾಯಿ ಮುಚ್ಚಿಕೊಂಡಿರಬೇಕಾದ ಹೊತ್ತಿನಲ್ಲಿ ಬಾಯಿ ತೆರೆಯುವುದು ನನ್ನ ಹುಟ್ಟುಗುಣ. "ಸರ್, ಸ್ಟಿಕ್ಕರ್ ಕೂಡ ಇಲ್ಲ. ನಿಮ್ಮದು ಅರಿಜೋನಾ ನೋಂದಣಿ, ಹಾಗಾಗಿ ಹೊರಗಿನವರ ಶುಲ್ಕ ಆಗುತ್ತೆ. ಇಲ್ಲಿಯವರದ್ದಕ್ಕಿಂತ ಮೂರರಷ್ಟು."

ಬೀಗಕ್ಕಿಂತ ಹೆಚ್ಚಾಗಿ ಅವನನ್ನು ಇರಿದದ್ದು ಈ ಮಾತೇ. "ಹೊರಗಿನವನು? ನಾನಾ? ಆ ದಡದ ಮೇಲಿನ ಮನೇಲಿ ಹುಟ್ಟಿದೀನಿ ಕಣೋ! ಆ ನೀರು ಕುಡಿದು ಹಲ್ಲು ಬಂದಿದೆ! ನಾನು ಹುಟ್ಟಿದ ನೀರಿಗೆ ನಾನೇ ಟಿಕೆಟ್ ತೆಗೀಬೇಕಾ, ಅದೂ ಪ್ರವಾಸಿ ದರದಲ್ಲಿ?"

"ಆ ಬಿಸಿನೀರಿನ ಯಂತ್ರ ಮರದಲ್ಲಿ ಬಿಡಲಿಲ್ಲ ಆರ್ವಲ್. ಈ ಊರೋರ ಜೇಬಿಂದ ಬಂತು. ಇವತ್ತು ನಿನ್ನ ಚೀಲ ಸರೋವರಕ್ಕೆ ಹೋಗದೆ ಉಳಿದಿದ್ದು ಅವರ ದುಡ್ಡಿಂದ" ಎಂದಳು ವೆರ್ಲಾ.

ಸರಪಳಿ ಸುತ್ತಿ ಬೀಗ ಹಾಕಲು ನಾನು ಮುಂದಾದೆ. ಅವಳು ಬಿಡಲಿಲ್ಲ, ತಾನೇ ಹಾಕಿದಳು. ಹಾಕಿ ಯಂತ್ರದ ಹಿಂದೆ ಹೋಗಿ ಸ್ವಲ್ಪ ಹೊತ್ತು ನಿಂತಳು. ಹಬೆ ಕಣ್ಣಿಗೆ ಹೋಯಿತು ಎಂದಳು. ಯಂತ್ರವನ್ನು ನಾನಿನ್ನೂ ಚಾಲೂ ಮಾಡಿರಲಿಲ್ಲ.

ಆರ್ವಲ್ ಸಿಟ್ಟಿನಲ್ಲೂ ತಂಗಿಯ ಮನೆಯಲ್ಲೇ ಉಳಿದ, ಮೋಟೆಲಿಗೆ ಯಾರು ದುಡ್ಡು ಕೊಡುತ್ತಾರೆ? ಬೆಳಿಗ್ಗೆ ಅವಳ ಕಾರಿನಲ್ಲೇ ತಾಣಕ್ಕೆ ಬಂದು, ಮಡಿಸುವ ಕುರ್ಚಿ ಹಾಕಿಕೊಂಡು ದೋಣಿಯ ಪಕ್ಕ ಕೂರುತ್ತಿದ್ದ. ಆಸ್ಪತ್ರೆಯಲ್ಲಿ ರೋಗಿಯ ಪಕ್ಕ ಕೂತ ಹಾಗೆ. ಮೊದಮೊದಲು ಬಂದವರಿಗೆಲ್ಲ ವೆರ್ಲಾಳ ಮೇಲೆ ಚಾಡಿ ಹೇಳುತ್ತಿದ್ದ. "ಇವಳು ನನ್ನ ಒಡಹುಟ್ಟಿದೋಳು, ನಂಬ್ತೀರಾ?" ವೆರ್ಲಾ ಮಧ್ಯಾಹ್ನ ಒಂದು ರೊಟ್ಟಿಯನ್ನು ಮಾತಿಲ್ಲದೆ ಅವನ ತೊಡೆಯ ಮೇಲಿಟ್ಟು ಹೋಗುತ್ತಿದ್ದಳು. ಅವನೂ ಮಾತಿಲ್ಲದೆ ತಿನ್ನುತ್ತಿದ್ದ. ಹಲಗೆಗಳ ನಡುವೆ ಮೊದಲ ಬಿರುಕು ಕಂಡ ದಿನ ಮಾತ್ರ ರೊಟ್ಟಿ ಹಾಗೇ ಉಳಿಯಿತು. ನಾನು ತಿಂದೆ.

ಒಂದು ದಿನ ಮಿರಿಮಿರಿ ಮಿಂಚುವ ದೊಡ್ಡ ಮೋಜಿನ ದೋಣಿಯೊಂದು ಬಂತು. ಕಪ್ಪು ಕನ್ನಡಕದ ಮಾಲೀಕ ಇಳಿಯಲೇ ಇಲ್ಲ. "ನಮಗೆ ಅರ್ಜೆಂಟಿದೆ. ಹೋದ ವಾರ ತೊಳೆಸಿದೀನಿ. ಹೋಗ್ಲಾ?"

ನಾನು ವಿನಯದಿಂದ ನಿಯಮ ಹೇಳಲು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಹಿಂದಿನಿಂದ ಕುರ್ಚಿ ಬಿದ್ದ ಸದ್ದಾಯಿತು.

"ಯಾವನೋ ಅದು ಅರ್ಜೆಂಟು?" ಆರ್ವಲ್ ಬರುತ್ತಿದ್ದ. "ನಮ್ಮಪ್ಪ ಕಟ್ಟಿದ ದೋಣಿ ಜೈಲಲ್ಲಿ ಒಣಮೀನಾಗ್ತಿದೆ. ನಿನ್ನ ಪ್ಲಾಸ್ಟಿಕ್ ಸ್ನಾನದ ತೊಟ್ಟಿ ಹಾಗೇ ಹೋಗುತ್ತಾ? ತಳದ ಬಿರಟೆ ತೆಗಿ ಮೊದ್ಲು!"

ಬಿರಟೆ ತೆಗೆದರೆ ಒಂದು ಬಕೆಟ್ಟಿನಷ್ಟು ಪಾಚಿ ನೀರು ಹೊರಗೆ ಬಂತು. ಕನ್ನಡಕದವನು ತೊಳೆಸಿಕೊಂಡೇ ಹೋದ. ಆರ್ವಲ್ ನಮ್ಮ ಕಡೆಗೆ ಸೇರಿಬಿಟ್ಟನೆಂದು ನಾನು ಹಿಗ್ಗಿದೆ. ಹಾಗೆಂದು ಹೇಳಿದೆ ಕೂಡ.

"ಕಡೆ ಗಿಡೆ ಏನಿಲ್ಲ. ನನ್ನ ಹೊಟ್ಟೆ ಉರೀತಿದೆ, ಅವನದ್ದೂ ಉರೀಲಿ ಅಂತ" ಎಂದು ಕುರ್ಚಿ ಎತ್ತಿಕೊಂಡ. ಆದರೆ ಅಂದಿನಿಂದ ಕುರ್ಚಿ ದೋಣಿಯ ಪಕ್ಕ ಬಿಟ್ಟು ರಸ್ತೆಯ ಪಕ್ಕಕ್ಕೆ ಬಂತು.

ತಿಂಗಳು ಮುಗಿಯಿತು. ವೆರ್ಲಾ ಬೀಗ ತೆಗೆದು ದೀಪ ಹಿಡಿದು ಅಂಗುಲ ಅಂಗುಲ ನೋಡಿದಳು. ಬದುಕಿದ್ದು ಏನೂ ಇರಲಿಲ್ಲ. ದೋಣಿಯೂ ಬದುಕಿದಂತೆ ಕಾಣಲಿಲ್ಲ. ಒಳಗೆ ಬಗ್ಗಿ ನೋಡಿದರೆ ಹಲಗೆಗಳ ನಡುವೆ ಬೆಳಕಿನ ಗೆರೆಗಳು; ತಳದ ಒಂದು ಹಲಗೆ ಗೇಣುದ್ದ ಸೀಳಿತ್ತು.

"ಆಯ್ತಲ್ಲ, ತೃಪ್ತಿನಾ?" ಎಂದ ಆರ್ವಲ್. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ವೆರ್ಲಾ ಕಾರಿನ ಡಿಕ್ಕಿ ತೆಗೆದಳು. ಮನೆಯ ಹಳೆಯ ಹಾಸಿಗೆ ಬಟ್ಟೆಗಳೆಲ್ಲ ಅಲ್ಲಿದ್ದವು, ಮೇಲೆ ತೋಟಕ್ಕೆ ನೀರು ಚಿಮ್ಮಿಸುವ ಸಾಧನ. "ಊರಿನ ನಲ್ಲಿ ನೀರು ಕುಡಿಸೋಣ. ಅದರಲ್ಲಿ ಕ್ಲೋರಿನ್ ವಾಸನೆ ಬಿಟ್ರೆ ಇನ್ನೇನೂ ಇಲ್ಲ. ಅಪ್ಪ ಚಳಿಗಾಲ ಕಳೆದ ಮೇಲೆ ಮಾಡ್ತಿದ್ನಲ್ಲ, ಹಾಗೆ."

"ಅಪ್ಪ ಕೊಟ್ಟಿಗೇಲಿ ತಣ್ಣಗೆ ಇಡ್ತಿದ್ದ. ನೀನು ಹಂಚಿನ ಮೇಲೆ ಹುರಿದಿದೀಯ."

"ಹಾಗಾದ್ರೆ ಜಾಸ್ತಿ ನೀರು ಕುಡಿಸೋಣ. ಆ ಸೀಳಿದ ಹಲಗೆಗೆ ತೇಪೆ ಹಾಕೋಕೆ ಬರುತ್ತಾ, ಅದೂ ಮರ್ತೋಯ್ತಾ?"

ಅವನಿಗೆ ಬರುತ್ತಿತ್ತು. ಹಲಗೆಗೆ ದೇವದಾರಿನ ತುಂಡು ಕೂರಿಸಿದ. ಅವಳು ಪಕ್ಕದಲ್ಲಿ ಮಂಡಿಯೂರಿ ಸಂದಿಗೆ ಹತ್ತಿ ತುರುಕಿದಳು. ದೋಣಿಯ ದಾದಿಯ ಕೆಲಸ ನನಗೆ ಬಂತು, ಬಟ್ಟೆ ಒಣಗದಂತೆ ನೋಡಿಕೊಳ್ಳುವುದು, ನೀರು ಚಿಮ್ಮಿಸುವ ಸಾಧನವನ್ನು ಅತ್ತಿತ್ತ ಸರಿಸುವುದು. ಮೊದಲ ದಿನ ನೀರು ಜರಡಿಯಲ್ಲಿ ಹೊಯ್ದಂತೆ ಇಳಿದುಹೋಗಿ ತಾಣದ ಅಂಗಳ ಕೆಸರಾಯಿತು. ಎರಡನೆಯ ದಿನವೂ ಹಾಗೇ. ಆರ್ವಲ್ ಹಲಗೆಗೆ ಕಿವಿಯಿಟ್ಟು ಕೇಳುತ್ತಿದ್ದ. "ಕುಡೀತಾ ಇದೆ" ಎನ್ನುತ್ತಿದ್ದ. ನನಗೆ ಏನೂ ಕೇಳಿಸುತ್ತಿರಲಿಲ್ಲ. ಆದರೂ ಹೌದೆಂದು ತಲೆಯಾಡಿಸುತ್ತಿದ್ದೆ. ನಿಧಾನವಾಗಿ ಸೋರಿಕೆ ಧಾರೆಯಿಂದ ಹನಿಗೆ ಇಳಿಯಿತು.

ಒಂದು ಬೆಳಿಗ್ಗೆ ನಾನು ಬಟ್ಟೆ ಎತ್ತಿ ನೋಡಿದರೆ ದೋಣಿಯ ತಳದಲ್ಲಿ ಪಾದ ಮುಳುಗುವಷ್ಟು ನೀರು ನಿಂತಿತ್ತು. ಕೂಗಿದೆ. ಇಬ್ಬರೂ ಓಡಿ ಬಂದರು, ಅಂದರೆ ಅವರ ವಯಸ್ಸಿಗೆ ಓಟವೆನ್ನಬಹುದಾದದ್ದು. ಸಾಲಿನಲ್ಲಿ ಕಾಯುತ್ತಿದ್ದ ಚಾಲಕರು, ದೋಣಿಯಲ್ಲಿ ಒಂದು ಲೋಟ ನೀರಿದ್ದರೂ ಬಿಡದ ಈ ಜನ ನೀರು ನೋಡಿ ಯಾಕೆ ಕುಣಿಯುತ್ತಿದ್ದಾರೆಂದು ಕಿಟಕಿಯಿಂದ ತಲೆ ಹೊರಹಾಕಿ ನೋಡಿದರು.

ಉಳಿದದ್ದು ಸ್ಟಿಕ್ಕರ್. ನಾನು ಈ ಸಲ ಬಾಯಿ ತೆರೆಯಲಿಲ್ಲ. ಆರ್ವಲ್ ತಾನೇ ಕಾಲು ಕೆರೆದುಕೊಂಡು ಬಂದ.

"ಹೊರಗಿನವನ ಶುಲ್ಕ ನಾನು ಸತ್ರೂ ಕೊಡಲ್ಲ."

"ಹಾಗಾದ್ರೆ ದೋಣಿ ನೀರಿಗಿಳಿಯಲ್ಲ" ಎಂದಳು ವೆರ್ಲಾ.

"ದೋಣಿ ನಿನ್ನ ಹೆಸರಿಗೆ ಮಾಡಿಸ್ಬಿಟ್ರೆ? ಆಗ ಇಲ್ಲಿಯೋರ ದರ ತಾನೆ?"

"ಇಪ್ಪತ್ತು ಡಾಲರ್ ಉಳಿಸೋಕೆ ಅಪ್ಪನ ದೋಣಿ ಬಿಟ್ಕೊಡ್ತಿದೀಯಾ?"

"ಇಪ್ಪತ್ತು ಡಾಲರ್ ಅಂದ್ರೆ ಇಪ್ಪತ್ತು ಡಾಲರ್ ಕಣೇ" ಎಂದು ಅವನು ರಸ್ತೆಯ ಕಡೆ ತಿರುಗಿದ. "ಪುಕ್ಕಟೆ ಅಲ್ಲ ಮತ್ತೆ. ಪ್ರತಿ ಬೇಸಿಗೆ ಬಂದು ನಿನ್ನ ಮನೇಲೇ ಉಳೀತೀನಿ. ರೊಟ್ಟಿಗೆ ಜಾಮ್ ಜಾಸ್ತಿ ಹಾಕ್ಬೇಕು."

"ಹಾಕ್ತೀನಿ" ಎಂದಳು ವೆರ್ಲಾ. ಆಮೇಲೆ ನನ್ನ ಕಡೆ ತಿರುಗಿ, "ಏನು ನೋಡ್ತಿದೀಯ? ಗುರುತಿನ ಚೀಟಿ ಕೇಳು. ಎಲ್ಲರಿಗೂ ಹೇಗೋ ನನಗೂ ಹಾಗೇ" ಎಂದು ಗದರಿದಳು. ಅವಳ ಜೀವನದ ಮೊದಲ ಸ್ಟಿಕ್ಕರನ್ನು ನಾನು ಮಾರಿದೆ. ಅಪ್ಪನ ಹಲಗೆಯ ಮೇಲೆ ಅವಳು ಅದನ್ನು ಹೆಬ್ಬೆರಳಿನಿಂದ ಒತ್ತುವಾಗ ಆರ್ವಲ್ ಹಲ್ಲು ನೋವಿನವನಂತೆ ಮುಖ ಮಾಡಿದ.

ಅಂದು ಸಂಜೆ ಕೆಲಸ ಮುಗಿಸಿ ದೋಣಿಯನ್ನು ಟಾಮರಾಕ್‌ಗೆ ಇಳಿಸಿದೆವು. ಟ್ರೇಲರ್ ಹಿಡಿದು ನಿಂತ ನನ್ನ ಬೂಟಿನ ತುಂಬ ಸರೋವರ. ದೋಣಿ ಒಮ್ಮೆ ವಾಲಿತು, ಒಂದೆರಡು ಸಂದಿನಿಂದ ಜಿನುಗಿತು, ಆಮೇಲೆ ನೆಟ್ಟಗೆ ಕೂತಿತು. ಮೋಟಾರು ಎಷ್ಟು ಎಳೆದರೂ ಕೆಮ್ಮಿತೇ ಹೊರತು ಏಳಲಿಲ್ಲ. ವೆರ್ಲಾ ಅಣ್ಣನನ್ನು ಮುಂದಿನ ಹಲಗೆಗೆ ಅಟ್ಟಿ ತಾನೇ ಹುಟ್ಟು ಹಿಡಿದಳು. ಆರ್ವಲ್ ಕಾಫಿ ಡಬ್ಬದಲ್ಲಿ ನೀರು ಎತ್ತಿ ಚೆಲ್ಲುತ್ತ, ಎಡಕ್ಕೆ, ಎಡಕ್ಕೆ, ಬಲಗಡೆ ನೀರಡಿ ದಿಬ್ಬ ಇದೆ ಎಂದು ಕೂಗುತ್ತಿದ್ದ. ಅವಳು ಬಲಕ್ಕೇ ಹೋದಳು.

ಸಾಕಷ್ಟು ದೂರ ಹೋದ ಮೇಲೆ ಅವಳ ಬಸ್ಸಿನ ಗಂಟಲು ನೀರಿನ ಮೇಲೆ ತೇಲಿ ಬಂತು.

"ಮರೀ! ನಾಳೆ ತಾಣ ನೀನೇ ತೆಗಿ! ನಾನು ಬರಲ್ಲ!"