ಹೊರಡುವಾಗ ಕಡುಬು, ಬಂದಾಗ ಶಾವಿಗೆ

ಬೀಜಿಂಗಿನ ನಮ್ಮ ಗಲ್ಲಿಯಲ್ಲಿ ಗುಯಿಲಾನ್ ಅಕ್ಕನ ಶಾವಿಗೆ ಅಂಗಡಿಗೆ ಅಂಟಿಕೊಂಡೇ ನನ್ನ ಸೈಕಲ್ ರಿಪೇರಿ ಅಂಗಡಿ. ಅವಳು ಹಿಟ್ಟನ್ನು ಹಲಗೆಗೆ ಬಡಿದರೆ ನನ್ನ ಗೋಡೆಗೆ ನೇತುಹಾಕಿದ ಟಯರುಗಳೆಲ್ಲ ಅಲ್ಲಾಡುತ್ತವೆ. ಹಟವೂ ಅಷ್ಟೇ ಗಟ್ಟಿ. ಹಿಡಿದ ಮೊಲಕ್ಕೆ ಮೂರೇ ಕಾಲು. ಹನ್ನೊಂದು ವರ್ಷದ ಹಿಂದೆ ತಂಗಿ ಸೂಚಿನ್ ಜೊತೆ ಜಗಳವಾಗಿದ್ದೂ ಇದೇ ಹಟದಿಂದ. ಅವಳು ಅಕ್ಕ ಮಾಡಿಟ್ಟ ಕಡುಬನ್ನು ಮುಟ್ಟದೆ ವ್ಯಾಂಕೂವರ್‌ಗೆ ಹೊರಟುಹೋದಳು. ತಲುಪಿದ ಮೇಲೆ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಹತ್ತು ಗಂಟೆ ಹಾರಿದ್ವಿ."

ಈಗ ಆ ತಂಗಿ ಬರುತ್ತಿದ್ದಳು.

"ಹೊರಡೋರಿಗೆ ಕಡುಬು, ಬಂದೋರಿಗೆ ಶಾವಿಗೆ. ಅವಳು ಒಳಗೆ ಕಾಲಿಟ್ಟ ಕೂಡ್ಲೇ ಬಿಸಿಬಿಸಿ ಶಾವಿಗೆ ಎದುರಿಗಿರ್ಬೇಕು ಕಣೋ. ಇಲ್ದಿದ್ರೆ ನಂಗಿನ್ನೂ ಸಿಟ್ಟು ಅಂದ್ಕೋತಾಳೆ" ಎಂದಳು ಅಕ್ಕ.

ವಿಮಾನ ಹತ್ತಿದೆ ಎಂದು ತಂಗಿಯ ಸಂದೇಶ ಬೆಳಗಿನ ಜಾವವೇ ಬಂದಿತ್ತು. ಅಕ್ಕ ಅದಕ್ಕೆ ಹತ್ತು ಗಂಟೆ ಕೂಡಿಸಿದಳು.

"ಅಕ್ಕ, ಎಂಟೂವರೆ ಸಾವಿರ ಕಿಲೋಮೀಟರ್ ಅದು. ಹೋಗೋವಾಗ ಗಾಳಿ ಬೆನ್ನಿಗೆ, ಬರೋವಾಗ ಎದುರಿಗೆ. ಒಂದು ಗಂಟೆಗಿಂತ ಜಾಸ್ತೀನೇ ತಡ ಆಗುತ್ತೆ. ಸೈಕಲ್ ತುಳಿಯೋರನ್ನ ಕೇಳು ಬೇಕಾದ್ರೆ."

"ಅದೇ ಆಕಾಶ, ಅದೇ ದಾರಿ! ಹೋಗೋಕೊಂದು ಲೆಕ್ಕ, ಬರೋಕೊಂದು ಲೆಕ್ಕನಾ? ನೀನು ಹೋಗಿ ಪಂಕ್ಚರ್ ಹಾಕು!"

ಶಾವಿಗೆ ನೀರಿಗೆ ಬಿತ್ತು. ತಂಗಿ ಬರಲಿಲ್ಲ. ನೋಡನೋಡುತ್ತ ಪಾತ್ರೆಯಲ್ಲಿದ್ದದ್ದು ಗಂಜಿಯಾಯಿತು. ಮತ್ತೊಮ್ಮೆ ಎಳೆದು ಹಾಕಿದಳು, ಅದೂ ಮುದ್ದೆ. ನಾದಿಟ್ಟ ಹಿಟ್ಟೂ ಮುಗಿಯಿತು. ಲಟ್ಟಣಿಗೆ ಅವಳ ಕೈಯಲ್ಲೇ ಇತ್ತು, ಆದ್ದರಿಂದ ನಾನು ಗಾಳಿಯ ಮಾತೆತ್ತಲಿಲ್ಲ. ನನಗೆ ಹೊಟ್ಟೆ ಹಸಿದು ಕಡುಬು ಕೇಳಿದ್ದೆ. ಗಿರಾಕಿಗಳಿಗೆಂದು ಮೊದಲೇ ತುಂಬಿಟ್ಟಿದ್ದನ್ನು ಸಿಡುಕುತ್ತಲೇ ಬೇಯಿಸಿ, ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದಳು.

ಅಷ್ಟು ಹೊತ್ತಿಗೆ ಸರಿಯಾಗಿ ಪೆಟ್ಟಿಗೆ ಎಳೆದುಕೊಂಡು ಸೂಚಿನ್ ಒಳಗೆ ಬಂದಳು. ಕಣ್ಣಿಗೆ ಮೊದಲು ಬಿದ್ದದ್ದು ಆ ಕಡುಬಿನ ತಟ್ಟೆ. ಅವಳ ಮುಖ ಸಣ್ಣಗಾಯಿತು.

"ಬಂದ ಕೂಡ್ಲೇ ಹೊರಡು ಅಂತೀಯಾ, ಅಕ್ಕ?"

ಅಯ್ಯೋ, ನನಗೆ ಆ ತಟ್ಟೆ ಎತ್ತಿಕೊಂಡು ಓಡಿಬಿಡೋಣ ಅನ್ನಿಸಿತು.

"ಇಲ್ಲ ಕಣೇ... ಎರಡು ಸಲ ಶಾವಿಗೆ ಮಾಡ್ದೆ. ಎರಡೂ ಮುದ್ದೆಯಾಗೋಯ್ತು," ಎಂದು ಅಕ್ಕ ಏಪ್ರನ್ನಿನಲ್ಲೇ ಕಣ್ಣೊರೆಸಿಕೊಂಡಳು.

ಸೂಚಿನ್ ಪಾತ್ರೆಯ ಮುಚ್ಚಳ ತೆಗೆದು ಇಣುಕಿದಳು. ಬಂದು ಮೇಜಿಗೆ ಕೂತು, ನನ್ನ ಕಡುಬನ್ನು ಒಂದೊಂದಾಗಿ ತಿನ್ನತೊಡಗಿದಳು. ಒಂದನ್ನೂ ಉಳಿಸಲಿಲ್ಲ.

"ಇದು ಆವತ್ತು ತಿನ್ನದೆ ಹೋಗಿದ್ದು," ಎಂದಳು. ಆಮೇಲೆ ಖಾಲಿ ಬಟ್ಟಲೊಂದನ್ನು ಅಕ್ಕನ ಕಡೆ ತಳ್ಳಿದಳು.

"ಈಗ ಬಂದೆ. ಆ ಮುದ್ದೇನೇ ಹಾಕು."