ಹೆಸರಿಗೆ ಟೇಪು ಹಚ್ಚುವ ನೆಲ್ಡಾ

ಬೆಳಗಿನ ಐದೂ ಮುಕ್ಕಾಲು. ಟಿಲ್‌ಮನ್ ಮೇವಿನಂಗಡಿಯ ಮುಂಬಾಗಿಲು ಇನ್ನೂ ತೆರೆದಿಲ್ಲ. ಹಿಂದುಗಡೆ, ಆಡಿನ ಹಿಂಡಿಯ ಚೀಲಗಳ ಸಾಲು ಮುಗಿಯುವಲ್ಲಿ, ಒಂಟಿ ದೀಪದ ಕೆಳಗೆ ನೆಲ್ಡಾ ಹಾಸ್ಕಿನ್ಸ್ ನೀಲಿ ಟೇಪನ್ನು ಹಲ್ಲಿನಿಂದ ಹರಿಯುತ್ತಿದ್ದಾರೆ. ಬೆಂಚಿನ ಮೇಲೆ ಮೂರು ಕಪ್ಪು ರೈಫಲ್‌ಗಳು. ಒಂದೊಂದರ ಪಕ್ಕೆಯಲ್ಲೂ ತಯಾರಕರ ಹೆಸರು ಕೊರೆದಿದೆ, ಒಂದರ ಮೇಲೆ ಹದ್ದಿನ ಚಿತ್ರ ಬೇರೆ. ನೆಲ್ಡಾ ಮೂರು ಹೆಸರಿನ ಮೇಲೂ ಟೇಪು ಹಚ್ಚಿ ಹೆಬ್ಬೆರಳಿಂದ ಉಜ್ಜುತ್ತಾರೆ. ಹದ್ದು ಮುಚ್ಚಿಹೋಗುತ್ತದೆ.

“ಹೆಸ್ರು ಕಂಡ್ರೆ ಜನ ನೋಡೋದು ನಿಲ್ಲಿಸ್ಬಿಡ್ತಾರೆ. ಕುದುರೆ ಕೊಳ್ಳೋಕೆ ಹೋಗಿ ಜೀನು ನೋಡ್ಕೊಂಡು ಬಂದಂಗೆ,” ಎನ್ನುತ್ತಾರೆ.

ಅವರಿಗೀಗ ಐವತ್ತೊಂಬತ್ತು. ಪೂರ್ವ ಟೆಕ್ಸಸ್‌ನ ಈ ನದಿ ಬಯಲಿನಲ್ಲಿ ನಲವತ್ತು ಮೈಲಿ ಸುತ್ತಮುತ್ತ ಬಂದೂಕು ಬಿಚ್ಚಿ ಜೋಡಿಸಬಲ್ಲವರು ಇವರೊಬ್ಬರೇ. ಹದಿನಾಲ್ಕು ವರ್ಷದಿಂದ ಇದೇ ಮೂಲೆ. ವಾರಕ್ಕೆ ಹನ್ನೊಂದೋ ಹನ್ನೆರಡೋ ಬಂದೂಕುಗಳ ರಿಪೇರಿ. ತಿಂಗಳಿಗೆ ನಾಲ್ಕೈದು ಜನ ಮೊದಲ ಅರೆಸ್ವಯಂಚಾಲಿತ ರೈಫಲ್ ಕೊಳ್ಳಲು ಬರುತ್ತಾರೆ. ಒಂದು ಸಲ ಟ್ರಿಗರ್ ಎಳೆದರೆ ಒಂದು ಗುಂಡು, ಮುಂದಿನದು ತಾನಾಗಿಯೇ ಬಂದು ಕೂರುವ ಬಂದೂಕು ಅದು. ಅಂಥವರು ಅಂಗಡಿ ಯಜಮಾನ ಬಾಯ್ಡ್ ಟಿಲ್‌ಮನ್‌ಗೆ ದುಡ್ಡು ಕೊಟ್ಟು, ಅವನ ಕೈಯನ್ನೇ ಕುಲುಕಿ ಹೋಗುತ್ತಾರೆ. ಹಿಂದಿನ ಬೆಂಚಿನತ್ತ ತಿರುಗಿ ನೋಡುವವರು ಕಡಿಮೆ.

ಬೆಂಚು ಉಳಿಯುವುದೇ ಈಗ ಅನುಮಾನ. ಕಳೆದ ಒಂದೇ ತಿಂಗಳಲ್ಲಿ ನೆಲ್ಡಾ ಮೂರು ಗಿರಾಕಿಗಳನ್ನು ಬರಿಗೈಲಿ ಕಳಿಸಿದ್ದಾರೆ. ಒಬ್ಬನಿಗೆ “ನಿಮ್ಮಪ್ಪನ ಹಳೇ ಕೋವಿನೇ ಸಾಕು” ಅಂದರು. ಇನ್ನೊಬ್ಬನಿಗೆ “ಮೊದ್ಲು ಗುರಿ ಕಲೀರಿ, ಆಮೇಲೆ ಬನ್ನಿ” ಅಂದರು. ಮೂರನೆಯವನಿಗೆ ಏನಂದರೋ, ಅವನು ಬಾಗಿಲು ಬಡಿದುಕೊಂಡು ಹೋದ. ಹೋದ ಶನಿವಾರ ಬಾಯ್ಡ್ ಬಂದು ನಿಂತು ಹೇಳಿದ: “ಮಿಸ್ ನೆಲ್ಡಾ, ಇನ್ನೊಬ್ಬ ಬರಿಗೈಲಿ ಹೋದ್ರೆ ಈ ಮೂಲೆಗೆ ಮೀನಿನ ಗಾಳದ ಸ್ಟ್ಯಾಂಡು ಬರತ್ತೆ. ಗಾಳಗಳು ಎದುರು ಮಾತಾಡಲ್ಲ.”

ಆರೂವರೆಗೆ ಹೋಲಿಸ್ ಲೆಡ್‌ಬೆಟರ್ ಬರುತ್ತಾರೆ. ಶಾಲೆಯ ಬಸ್ಸು ಓಡಿಸಿ ನಿವೃತ್ತರಾದವರು, ಈಗ ಆರೆಕರೆಯಲ್ಲಿ ಕಲ್ಲಂಗಡಿ ಬೆಳೆಯುತ್ತಾರೆ. ಟೋಪಿ ತೆಗೆದು ಕೈಲಿ ಹಿಡಿದಿದ್ದಾರೆ.

“ಏನ್ ಮಿಸ್ಟರ್ ಹೋಲಿಸ್, ಹಂದಿಗಳು ಹೇಗಿದಾವೆ?” ಎಂದು ಕೇಳುತ್ತಾರೆ ನೆಲ್ಡಾ.

“ನನಗಿಂತ ಚೆನ್ನಾಗಿ ಉಣ್ತಿದಾವೆ. ಎರಡೆಕರೆ ಮುಗಿಸಿದ್ವು. ಇನ್ನೊಂಬತ್ತು ದಿನಕ್ಕೆ ಕಾಯಿ ಕೀಳ್ಬೇಕು. ನಮ್ಮ ತಾತನ ಕೋವೀಲಿ ಒಂದನ್ನ ಹೊಡೀತೀನಿ, ಎರಡ್ನೇ ತೋಟಾ ತುಂಬೋದ್ರೊಳಗೆ ಉಳಿದ ಇಪ್ಪತ್ತೂ ಕಾಡು ಸೇರಿರ್ತವೆ. ಹೋಗ್ತಾ ಹೋಗ್ತಾ ಒಂದೊಂದು ಕಾಯಿ ಕಚ್ಕೊಂಡು.”

ಬಾಯ್ಡ್ ಕಾಫಿ ಲೋಟ ಹಿಡಿದು ಕೌಂಟರಿನಿಂದ ಇತ್ತ ಬರುತ್ತಾನೆ. ಹೊಸದಾಗಿ ಹನ್ನೆರಡು ರೈಫಲ್ ಬಂದಿವೆ, ಬೆಲೆ ಕಡಿಮೆ, ಈ ಶನಿವಾರದ ಮಾರಾಟಕ್ಕೆ ಬೋರ್ಡು ಕೂಡ ಬರೆಸಿದ್ದಾಗಿದೆ. ಬೆಂಚಿನ ಮೇಲಿನ ಮೂರರಲ್ಲಿ ಒಂದು ಅದೇ ಸರಕಿನದು. ಹದ್ದಿನದು.

ಹೋಲಿಸ್ ಒಂದನ್ನು ಎತ್ತಿಕೊಂಡು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಟಕಟಕ ಸದ್ದು. ಮುಖ ಹುಳ್ಳಗಾಗುತ್ತದೆ. “ಇದು ಸಡಿಲ ಇದೆ.”

“ಕಲ್ಲಂಗಡೀನ ಬೆರಳಲ್ಲಿ ತಟ್ಟಿ ಹಣ್ಣೋ ಕಾಯೋ ಹೇಳ್ತೀರಿ, ಒಪ್ದೆ. ಇದು ಕಲ್ಲಂಗಡಿ ಅಲ್ಲ,” ಎನ್ನುತ್ತಾರೆ ನೆಲ್ಡಾ. “ಮೇಲಿನ ತುಂಡು, ಕೆಳಗಿನ ತುಂಡು ಕೂಡೋ ಜಾಗ ಅದು. ಸ್ವಲ್ಪ ಅಲ್ಲಾಡಿದ್ರೆ ಗುಂಡು ದಾರಿ ತಪ್ಪಲ್ಲ. ಇಡೀ ಜಿಲ್ಲೆ ಗಂಡಸ್ರು ಬಂದೋರೆಲ್ಲ ಮೊದ್ಲು ಮಾಡೋದು ಇದೇ ಕೆಲಸ. ಮೊದ್ಲು ಒಳಗೆ ತೋಟಾ ಇಲ್ಲ ಅಂತ ಬೆರಳಿಟ್ಟು ನೋಡಿ, ಆಮೇಲೆ ಬೇಕಾದ್ರೆ ಕುಣಿಸಿ.”

ಹೋಲಿಸ್ ನಾಚಿಕೊಂಡು ಬೆರಳಿಟ್ಟು ನೋಡುತ್ತಾರೆ.

ಟ್ರಕ್ಕಿನ ಚಕ್ರಕ್ಕೆ ತಿಂಗಳುಗಟ್ಟಲೆ ನಾಲ್ಕು ಊರು ವಿಚಾರಿಸುವ ಮನುಷ್ಯ ರೈಫಲ್ಲನ್ನು ಸದ್ದು ಕೇಳಿ, ಚಿತ್ರ ನೋಡಿ ಕೊಳ್ಳುತ್ತಾನೆ. ಇದಕ್ಕೆ ಮೂರ್ಖತನ ಅನ್ನದೆ ಬೇರೆ ಹೆಸರಿಲ್ಲ. ಆ ಮೂರ್ಖತನ ಒಳಗಿನಿಂದ ಹೇಗೆ ಕಾಣುತ್ತದೆ ಎಂದು ನೆಲ್ಡಾಗೆ ಗೊತ್ತು. ಇಪ್ಪತ್ತೆರಡು ವರ್ಷ ಅವರು ಬೇರೆ ರಾಜ್ಯದ ಬಂದೂಕು ಕಾರ್ಖಾನೆಯೊಂದರಲ್ಲಿ ದುಡಿದವರು. ಒಂದೇ ಕುಲುಮೆಯಿಂದ ಬಂದ ಅಲ್ಯೂಮಿನಿಯಂ ತುಂಡುಗಳ ಮೇಲೆ ಸೋಮವಾರ ಒಂದು ಕಂಪನಿಯ ಹೆಸರು, ಬುಧವಾರ ಇನ್ನೊಂದು, ಶುಕ್ರವಾರ ಮೂರನೆಯದು. ಹೆಸರು ಒತ್ತುತ್ತಿದ್ದುದು ಇವರ ಕೈಯೇ. “ಶುಕ್ರವಾರದ್ದು ಇನ್ನೂರು ಡಾಲರ್ ಜಾಸ್ತಿ. ಲೋಹ ಅದೇ, ಯಂತ್ರ ಅದೇ, ನನ್ನ ಬೆನ್ನುನೋವೂ ಅದೇ.” ಕಾರ್ಖಾನೆ ಮುಚ್ಚಿತು, ಗಂಡ ತೀರಿಕೊಂಡ, ಅಕ್ಕನ ಊರೆಂದು ಇಲ್ಲಿಗೆ ಬಂದರು. ಹೆಂಗಸಿಗೆ ಬಂದೂಕು ರಿಪೇರಿ ಕೊಡಲು ಮೊದಲ ವರ್ಷ ಯಾರೂ ಒಪ್ಪಲಿಲ್ಲ. ಮೇವಿನ ಚೀಲ ಹೊಲಿದು ದಿನ ತಳ್ಳಿದರು.

ಹಾಗಾದರೆ ಎಲ್ಲ ಬಂದೂಕೂ ಒಂದೇಯೇ? ಅಲ್ಲ. ವ್ಯತ್ಯಾಸ ಹೆಸರಿನಲ್ಲಿಲ್ಲ, ಕೊನೆಯ ಹತ್ತು ನಿಮಿಷದ ಕೆಲಸದಲ್ಲಿದೆ. ಯಾರು ಜೋಡಿಸಿದರು, ಪರೀಕ್ಷಿಸಿದರೋ ಅಥವಾ ಪಾಳಿ ಮುಗಿಯಿತೆಂದು ಎದ್ದು ಹೋದರೋ. ಅದನ್ನು ಹುಡುಕುವುದೇ ನೆಲ್ಡಾ ಅವರ ಕಸುಬು.

ಅವರು ಮೂರನ್ನೂ ಬಿಚ್ಚಿ, ತೋಟಾವನ್ನು ನಳಿಗೆಗೆ ತಳ್ಳುವ ಬೋಲ್ಟುಗಳನ್ನು ಬಟ್ಟೆಯ ಮೇಲೆ ಸಾಲಾಗಿ ಇಡುತ್ತಾರೆ. ಉಕ್ಕಿನ ಅಳತೆಗುಂಡನ್ನು ಒಂದೊಂದು ನಳಿಗೆಗೂ ಕೂರಿಸುತ್ತಾರೆ. ತೋಟಾ ಕೂರುವ ಜಾಗದ ಆಳ ಮೂರರಲ್ಲೂ ಸರಿಯಿದೆ. ಭೂತಗನ್ನಡಿ ಹೋಲಿಸ್ ಕೈಗೆ ಬರುತ್ತದೆ.

“ಬೋಲ್ಟಿನ ನೆತ್ತಿ ಮೇಲೆ ಎರಡು ಸ್ಕ್ರೂ ಕಾಣ್ತಾ? ಅದರ ಅಂಚು ನೋಡಿ.”

“ಮೊದಲ್ನೇದ್ರಲ್ಲಿ ಲೋಹ ಜಜ್ಜಿ ಹೋಗಿದೆ, ಅಸಹ್ಯವಾಗಿದೆ. ಎರಡ್ನೇದೂ ಹಾಗೇ. ಮೂರ್ನೇದು ನುಣ್ಣಗೆ, ಚೆನ್ನಾಗಿದೆ.”

“ಆ ಅಸಹ್ಯಾನೇ ಬೇಕಾದ್ದು. ಉಳಿ ಇಟ್ಟು ಲೋಹಾನ ಸ್ಕ್ರೂ ತಲೆಗೆ ಒತ್ತಿ ಕಚ್ಚು ಹೊಡೀಬೇಕು, ಸ್ಕ್ರೂ ತಿರುಗಬಾರದು ಅಂತ. ನಿಮ್ಮ ಚೆನ್ನಾಗಿರೋದಕ್ಕೆ ಅದನ್ನ ಹೊಡೆದೇ ಇಲ್ಲ. ಇನ್ನೂರು ಗುಂಡು ಹಾರಿಸೋ ಹೊತ್ತಿಗೆ ಸ್ಕ್ರೂ ಸಡಿಲ ಆಗತ್ತೆ, ಬೋಲ್ಟನ್ನ ತಳ್ಳೋ ಮದ್ದಿನ ಗಾಳಿ ಸೋರತ್ತೆ, ಮುಂದಿನ ಗುಂಡು ಬರಲ್ಲ. ಎದುರಿಗೆ ನೂರು ಕಿಲೋ ಹಂದಿ ನಿಂತಿರತ್ತೆ. ಆಗ ಎರಡೂ ಕೈಲಿ ದೊಣ್ಣೆ ಹಿಡಿದಂಗೆ ಹಿಡ್ಕೊಳ್ಳಿ.”

ಮೂರನೆಯದು ಯಾವುದೆಂದು ಟೇಪು ಕೀಳದೆಯೇ ಬಾಯ್ಡ್‌ಗೆ ಗೊತ್ತು. “ಮಿಸ್ ನೆಲ್ಡಾ,” ಎನ್ನುತ್ತಾನೆ ಹಲ್ಲು ಕಚ್ಚಿ, “ಸ್ವಲ್ಪ ಆಚೆ ಬರ್ತೀರಾ?”

“ಇಲ್ಲೇ ಹೇಳಪ್ಪ. ಆಚೆ ಹೋಗಿ ಬರೋಕೆ ನನ್ನ ಮಂಡಿಗೆ ದುಡ್ಡು ಕೊಡ್ತಿಲ್ಲ ನೀನು.”

“ಐದು ನಿಮಿಷದ ಕೆಲಸ ಅದು! ಹೊಡೆದು ಕೊಡಿ. ಅದಕ್ಕೆ ಭಾಷಣ ಯಾಕೆ?”

“ಹೊಡೀತೀನಿ. ಇವರದ್ದು ಈಗ್ಲೇ ಹೊಡೀತೀನಿ. ಉಳಿದ ಹನ್ನೊಂದು ಡಬ್ಬದಲ್ಲಿದಾವಲ್ಲ, ಶನಿವಾರ ಹಂಗೇ ಮಾರ್ತೀಯಾ?”

ಹಿಂಡಿ ಕೊಳ್ಳಲು ಬಂದ ಇಬ್ಬರು ಚೀಲ ಹೆಗಲಿಗೇರಿಸದೆ ನಿಂತೇ ಬಿಟ್ಟಿದ್ದಾರೆ. ಬಾಯ್ಡ್ ಕಿವಿ ಕೆಂಪಾಗುತ್ತದೆ. “ನಾನು ಹೋದ ಶನಿವಾರ ಏನು ಹೇಳಿದ್ದೆ ನೆನಪಿದ್ಯಾ?”

“ಗಾಳ. ನೆನಪಿದೆ,” ಎನ್ನುತ್ತಾರೆ ನೆಲ್ಡಾ. ಉಳಿ ಕೈಗೆತ್ತಿಕೊಳ್ಳುತ್ತಾರೆ. ಈ ವಯಸ್ಸಿಗೆ ಇನ್ನೊಂದು ಬೆಂಚು ಕೊಡುವವರು ಯಾರೂ ಇಲ್ಲ, ಅದು ಅವರಿಗೆ ಯಾರೂ ಹೇಳಬೇಕಿಲ್ಲ. “ತಂದಿಡು. ಆದ್ರೆ ಅದಕ್ಕೂ ಮೊದ್ಲು ಆ ಹನ್ನೊಂದನ್ನ ಈ ಬೆಂಚಿನ ಮೇಲೆ ಇಡು. ಇಲ್ಲಾಂದ್ರೆ ಶನಿವಾರ ಬಾಗಿಲಲ್ಲಿ ಕುರ್ಚಿ ಹಾಕ್ಕೊಂಡು ಕೂತು ಬಂದೋರಿಗೆಲ್ಲ ಹೇಳ್ತೀನಿ. ಮೇಡಂಗೆ ಹುಚ್ಚು ಅಂತ ಅನ್ನು, ಪರವಾಗಿಲ್ಲ.”

ನೆಲ್ಡಾ ಸ್ಕ್ರೂ ಬಿಗಿ ನೋಡಿ, ಉಳಿ ಇಟ್ಟು ಸುತ್ತಿಗೆ ಎತ್ತುತ್ತಾರೆ. ನಾಲ್ಕೇ ಏಟು, ಎರಡು ಸ್ಕ್ರೂಗೆ ಎರಡೆರಡು. ಆಮೇಲೆ ಹೋಲಿಸ್‌ರನ್ನು ಅಂಗಡಿ ಹಿಂದಿನ ಮಣ್ಣಿನ ದಿಬ್ಬಕ್ಕೆ ಕರೆದುಕೊಂಡು ಹೋಗಿ ಅವರ ಕೈಯಿಂದಲೇ ಅರವತ್ತು ಗುಂಡು ಹಾರಿಸುತ್ತಾರೆ. ಒಂದೂ ಸಿಕ್ಕಿಕೊಳ್ಳುವುದಿಲ್ಲ. ಮೂರರಲ್ಲಿ ದುಬಾರಿಯದನ್ನು ನೆಲ್ಡಾ ಬೇಡವೆಂದೇ ಹೇಳುತ್ತಾರೆ: ಅದರಲ್ಲಿ ತಪ್ಪಿಲ್ಲ, ಆದರೆ ಅದನ್ನು ಕೊಂಡರೆ ದುರ್ಬೀನಿಗೂ ತೋಟಾಗೂ ಏನೂ ಉಳಿಯುವುದಿಲ್ಲ.

ಹೋಲಿಸ್ ಹದ್ದಿನ ರೈಫಲ್ಲಿಗೇ ಸರ್ಕಾರದ ಫಾರಂ ತುಂಬುತ್ತಾರೆ. ಬಾಯ್ಡ್ ಸರ್ಕಾರಿ ಕಚೇರಿಗೆ ಫೋನು ಮಾಡಿ ಅವರ ಹಿನ್ನೆಲೆ ವಿಚಾರಿಸಿ ಮುಗಿಸುತ್ತಾನೆ. ಗಲ್ಲಾಪೆಟ್ಟಿಗೆ ತೆರೆಯುವಾಗ ಹಿಂಡಿಯ ಗಿರಾಕಿಗಳಲ್ಲಿ ಒಬ್ಬ ಕೇಳುತ್ತಾನೆ: “ಬಾಯ್ಡ್, ಶನಿವಾರ ನಂಗೂ ಒಂದಿಡು. ಅವರು ಕುಟ್ಟಿದ್ದೇ ಕೊಡು ಮತ್ತೆ.”

ಬಾಯ್ಡ್ ಚಿಲ್ಲರೆ ಎಣಿಸಿ ಹೋಲಿಸ್ ಕೈಗಿಡುತ್ತಾನೆ. ಹತ್ತು ನಿಮಿಷದ ಮೇಲೆ ಹನ್ನೊಂದು ಡಬ್ಬಗಳನ್ನು ಕೈಗಾಡಿಯಲ್ಲಿ ತಂದು, ಒಂದೊಂದನ್ನೂ ಬೇಕೆಂದೇ ಸದ್ದು ಮಾಡಿ ಬೆಂಚಿನ ಮೇಲೆ ಇಳಿಸುತ್ತಾನೆ.

ನೆಲ್ಡಾ ಮಧ್ಯಾಹ್ನ ಕೆಂಪು ಬೀನ್ಸು, ಮೆಕ್ಕೆಜೋಳದ ರೊಟ್ಟಿಯನ್ನು ನಿಂತೇ ತಿನ್ನುತ್ತಾರೆ. ಸಂಜೆ ಐದರ ಹೊತ್ತಿಗೆ ಹನ್ನೊಂದೂ ಮುಗಿದಿವೆ. ಅವುಗಳಲ್ಲಿ ಆರು ಬಂದೂಕಿಗೆ ಕಚ್ಚು ಹೊಡೆದಿರಲಿಲ್ಲ. ಒಂದರ ನಳಿಗೆ ವಾರೆಯಾಗಿ ಕೂತಿತ್ತು, ಅದು ಕಾರ್ಖಾನೆಗೆ ವಾಪಸ್ಸು. ಉಳಿದವು ಚೆನ್ನಾಗಿವೆ ಎಂದು ಅವರೇ ಒಪ್ಪುತ್ತಾರೆ. “ಕೆಟ್ಟ ಬಂದೂಕೇನಲ್ಲ. ಆ ದಿನ ಯಾರೋ ಉಳಿ ಮರೆತು ಬಂದಿದ್ರು ಅಷ್ಟೇ.”

ಈ ಮೂಲೆಗೆಂದು ತರಿಸಿದ್ದ ಗಾಳದ ಸ್ಟ್ಯಾಂಡನ್ನು ಬಾಯ್ಡ್ ನಾಯಿ ಆಹಾರದ ಪಕ್ಕಕ್ಕೆ ಸರಿಸಿದ್ದಾನೆ. ಕ್ಷಮೆ ಕೇಳಿಲ್ಲ, ಕೇಳುವ ಜಾತಿಯವನಲ್ಲ. ಬದಲಿಗೆ ಶನಿವಾರದ ಬೋರ್ಡಿನ ಕೆಳಗೆ ಒಂದು ಸಾಲು ಸೇರಿಸಿದ್ದಾನೆ: ಬೆಂಚಿನ ಪರೀಕ್ಷೆ ಉಚಿತ.

“ಉಚಿತ ಅಂತೆ! ಕೆಲ್ಸ ನಂದು, ಧಾರಾಳತನ ಅವಂದು,” ಎಂದು ನೆಲ್ಡಾ ನಗುತ್ತಾರೆ. ಕೈಯೊರೆಸಿಕೊಳ್ಳುವ ಬಟ್ಟೆಯನ್ನು ಮೊಳೆಗೆ ನೇತುಹಾಕುತ್ತಾರೆ. ಅಂಗಡಿಯವನಿಂದ ಇನ್ನೇನಾದರೂ ಬೇಕೇ ಎಂದರೆ ಯೋಚಿಸಿ, ಬೆಂಚಿನ ಎದುರಿನ ತಗಡಿನ ಗೋಡೆ ತೋರಿಸುತ್ತಾರೆ. ಅಲ್ಲೊಂದು ಕಿಟಕಿ ಇದ್ದರೆ ಕಣ್ಣಿಗೆ ಸುಖ, ಅಷ್ಟೇ.

ಬೋರ್ಡಿನಲ್ಲಿ ತಮ್ಮ ಹೆಸರು ಹಾಕಿಸಬಹುದಿತ್ತಲ್ಲ? ಆ ಪ್ರಶ್ನೆಗೆ ಮುಖ ಸಿಂಡರಿಸುತ್ತಾರೆ.

“ಹೆಸ್ರು ಯಾಕೆ? ಇಲ್ಲಿಂದ ಹೋದ ಬಂದೂಕು ವಾಪಸ್ ಬಂದ್ರೆ ಎಣ್ಣೆ ಹಾಕಿಸ್ಕೊಳ್ಳೋಕೆ ಮಾತ್ರ ಬರತ್ತೆ. ಹದಿನಾಲ್ಕು ವರ್ಷ ಆಯ್ತು. ಬೇರೆ ಕಾರಣಕ್ಕೆ ಒಂದೂ ಬಂದಿಲ್ಲ.”